ಕಾಲ್ ಸೆಂಟರ್: ಕೊಳ್ಳುವ ಮೊದಲು ಕರೆ ಎಣಿಸಿ

ಶಿವಮೊಗ್ಗದಿಂದ ಭದ್ರಾವತಿಯತ್ತ ಬಿ.ಎಚ್. ರಸ್ತೆ ಹಿಡಿದು ಹೊರಟರೆ ಪಂಪ್‌ಸೆಟ್ ಡೀಲರ್‌ಗಳು, ಟ್ರ್ಯಾಕ್ಟರ್ ಶೋರೂಂಗಳು, ಆಸ್ಪತ್ರೆಗಳು, ಮಾಚೇನಹಳ್ಳಿಯ ಕಾರ್ಖಾನೆಗಳು ಒಂದರ ಹಿಂದೊಂದು ಸಿಗುತ್ತವೆ. ಇವರಲ್ಲಿ ಹೆಚ್ಚಿನವರ ವ್ಯವಹಾರ ನಿಂತಿರುವುದು ಯಾರೋ ಒಬ್ಬರ ಜೇಬಿನಲ್ಲಿರುವ ಮೊಬೈಲ್ ಮೇಲೆ. ಅವರು ಊಟಕ್ಕೆ ಎದ್ದರೆ ವ್ಯಾಪಾರವೂ ಊಟಕ್ಕೆ ಎದ್ದಂತೆ. ಅವರು ಕೆಲಸ ಬಿಟ್ಟರೆ ಗಿರಾಕಿಗಳ ನಂಬರೂ ಅವರ ಜೊತೆಗೇ ಹೋಯಿತು.

ಇದಕ್ಕೆ ಮದ್ದು ಎಂದು ಕಾಲ್ ಸೆಂಟರ್ ಸಾಫ್ಟ್‌ವೇರ್ ಮಾರುವವರು ಈಗ ಸಣ್ಣ ಊರುಗಳ ಬಾಗಿಲನ್ನೂ ತಟ್ಟುತ್ತಿದ್ದಾರೆ. ಮದ್ದು ಸುಳ್ಳಲ್ಲ. ಆದರೆ ರೋಗ ಯಾವುದೆಂದು ನೋಡದೆ ಮದ್ದು ಕೊಳ್ಳುವವರೇ ಹೆಚ್ಚು. ಅದಕ್ಕೆ ಕಾರಣ ತಲೆಯಲ್ಲಿ ಕೂತಿರುವ ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ಕಾಲ್ ಸೆಂಟರ್ ಅಂದರೆ ಬೆಂಗಳೂರಿನ ದೊಡ್ಡ ಕಂಪನಿಗಳ ಬಾಬತ್ತು.

ಸತ್ಯ: ಕಾಲ್ ಸೆಂಟರ್ ಮಾಡುವ ಕೆಲಸ ಮೂರೇ. ಒಂದೇ ನಂಬರ್‌ಗೆ ಬಂದ ಕರೆಯನ್ನು ಆಗ ಬಿಡುವಾಗಿರುವವರಿಗೆ ಕೊಡುವುದು, ಯಾರೂ ಬಿಡುವಿಲ್ಲದಿದ್ದರೆ ಕರೆದವರನ್ನು ಸರದಿಯಲ್ಲಿ ನಿಲ್ಲಿಸುವುದು, ಯಾರು ಯಾವಾಗ ಏತಕ್ಕೆ ಕರೆದರೆಂದು ದಾಖಲೆ ಇಡುವುದು. ಇಬ್ಬರು ಕೂತು ಮಾಡಿದರೂ ಅದು ಕಾಲ್ ಸೆಂಟರೇ. 1970ರ ದಶಕದಲ್ಲಿ ಅಮೆರಿಕದ ವಿಮಾನ ಕಂಪನಿಗಳು ಟಿಕೆಟ್ ಬುಕಿಂಗ್‌ಗೆಂದು ಕರೆ ಹಂಚುವ ಯಂತ್ರ ತಂದಾಗ ಅದು ದೊಡ್ಡವರಿಗೆ ಮಾತ್ರ ಕೈಗೆಟಕುವ ದುಬಾರಿ ಸಾಮಾನು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕನ್ ಯುವಕ ‘ಆಸ್ಟರಿಸ್ಕ್’ ಎಂಬ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಮೇಲೆ ಸಾಧಾರಣ ಕಂಪ್ಯೂಟರೇ ಟೆಲಿಫೋನ್ ಎಕ್ಸ್‌ಚೇಂಜ್ ಆಯಿತು.

ಊರು ಸಣ್ಣದು ಎಂಬುದೂ ಅಡ್ಡಿಯಲ್ಲ. ರೂರಲ್‌ಶೋರ್ಸ್ ಸಂಸ್ಥೆ 2008ರಲ್ಲಿ ತನ್ನ ಮೊದಲ ಗ್ರಾಮೀಣ ಬಿಪಿಒ ಕೇಂದ್ರ ತೆರೆದದ್ದು ಬಾಗೇಪಲ್ಲಿಯಲ್ಲಿ. ನೋಂದಣಿಯ ತೊಡಕೂ ಇಲ್ಲ: ಇಂಥ ಕಂಪನಿಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2020ರ ನವೆಂಬರ್‌ನಲ್ಲಿ ಕೈಬಿಟ್ಟಿತು.

ತಪ್ಪು ಕಲ್ಪನೆ 2: ಲೈನ್ ಹೆಚ್ಚಿಸಿದರೆ ಗಿರಾಕಿ ಕಾಯುವುದು ತಪ್ಪುತ್ತದೆ.

ಸತ್ಯ: ಲೈನ್ ಹೆಚ್ಚಿದರೆ ‘ಎಂಗೇಜ್’ ಸದ್ದು ನಿಲ್ಲುತ್ತದೆ, ಕಾಯುವುದು ನಿಲ್ಲುವುದಿಲ್ಲ. ಪಿಆರ್‌ಐ ಎಂಬ ಡಿಜಿಟಲ್ ಲೈನ್ ಒಂದರಲ್ಲಿ ಒಮ್ಮೆಗೆ 30 ಕರೆ ಹಿಡಿಸುತ್ತವೆ. ಎತ್ತುವವರು ಇಬ್ಬರೇ ಇದ್ದರೆ ಉಳಿದ 28 ಮಂದಿ ಸಂಗೀತ ಕೇಳುತ್ತಾ ಕೂರಬೇಕು. ಡಾಕ್ಟರ್ ಒಬ್ಬರೇ ಇರುವ ಕ್ಲಿನಿಕ್‌ನಲ್ಲಿ ಕುರ್ಚಿ ಹೆಚ್ಚಿಸಿದಂತೆ.

ಎಷ್ಟು ಜನ ಬೇಕು ಎಂಬುದಕ್ಕೆ ಲೆಕ್ಕವಿದೆ, ಅದು ನೂರು ವರ್ಷಕ್ಕೂ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಅಗ್ನರ್ ಕ್ರಾರೂಪ್ ಎರ್ಲಾಂಗ್ ಕರೆಗಳು ಬರುವ ರೀತಿಯ ಬಗ್ಗೆ 1909ರಲ್ಲಿ ಪ್ರಬಂಧ ಬರೆದ. ಕಾಯುವ ಹೊತ್ತನ್ನು ಲೆಕ್ಕ ಹಾಕುವ ಸೂತ್ರಗಳನ್ನು 1917ರಲ್ಲಿ ಕೊಟ್ಟ. ಫೋನ್ ದಟ್ಟಣೆಯ ಅಳತೆಗೆ ಇಂದಿಗೂ ಅವನದೇ ಹೆಸರು.

ಶಿವಮೊಗ್ಗದ ಒಬ್ಬ ಪಂಪ್‌ಸೆಟ್ ಡೀಲರ್ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಗಂಟೆಗೆ 20 ಕರೆ. “ಅಣ್ಣಾ, ಮೋಟರ್ ಸುಟ್ಟೋಗಿದೆ, ಇವತ್ತೇ ಯಾರನ್ನಾದ್ರೂ ಕಳಿಸ್ತೀರಾ?” ಎಂಬ ಮಾತಿನಿಂದ ಹಿಡಿದು ಊರು, ತೋಟದ ದಾರಿ, ಮೋಟರಿನ ಎಚ್.ಪಿ. ಬರೆದುಕೊಳ್ಳುವವರೆಗೆ ತಲಾ 3 ನಿಮಿಷ. ಒಟ್ಟು 60 ನಿಮಿಷದ ಮಾತು, ಅಂದರೆ ಒಂದು ಎರ್ಲಾಂಗ್. ಗಂಟೆಯಲ್ಲಿರುವುದೂ 60 ನಿಮಿಷ, ಹಾಗಾದರೆ ಒಬ್ಬರು ಸಾಕಲ್ಲ ಎನ್ನಿಸುತ್ತದೆ. ಸಾಲದು. ಕರೆಗಳು ಮೂರು ನಿಮಿಷಕ್ಕೊಂದರಂತೆ ಸಾಲಾಗಿ ಬರುವುದಿಲ್ಲ. ಒಮ್ಮೆ ನಾಲ್ಕು ಒಟ್ಟಿಗೆ ಬರುತ್ತವೆ, ಮತ್ತೆ ಐದು ನಿಮಿಷ ಸುದ್ದಿಯೇ ಇರುವುದಿಲ್ಲ. ಒಬ್ಬರೇ ಇದ್ದರೆ ಸರದಿ ಬೆಳೆಯುತ್ತಲೇ ಹೋಗುತ್ತದೆ.

ಇಬ್ಬರಿದ್ದರೆ? ಯಾರೂ ಬೇಸತ್ತು ಕರೆ ಕಡಿಯುವುದಿಲ್ಲ ಎಂದುಕೊಂಡು ಎರ್ಲಾಂಗನ ಸೂತ್ರ ಹಾಕಿದರೆ ಮೂವರಲ್ಲಿ ಒಬ್ಬರು ಕಾಯಬೇಕು, ಕಾಯುವ ಸರಾಸರಿ ಎಲ್ಲ ಕರೆಗಳಿಗೆ ಹಂಚಿದರೆ 60 ಸೆಕೆಂಡ್. ಮೂವರಿದ್ದರೆ ಕಾಯುವವರು ಹನ್ನೊಂದರಲ್ಲಿ ಒಬ್ಬರು, ಸರಾಸರಿ 8 ಸೆಕೆಂಡ್. ಮೂರನೆಯವರ ಸಂಬಳ ದಂಡವೋ ಅಲ್ಲವೋ ಎಂಬುದನ್ನು ಈಗ ಮಾಲೀಕರೇ ತೀರ್ಮಾನಿಸಬಹುದು. ಯಂತ್ರ ಮಾರುವವರು ಈ ಲೆಕ್ಕ ತೋರಿಸದಿದ್ದರೆ ಕೇಳಿ ಪಡೆಯಿರಿ.

ತಪ್ಪು ಕಲ್ಪನೆ 3: ಶಿವಮೊಗ್ಗದ ಕರೆ ಶಿವಮೊಗ್ಗದಲ್ಲಿ, ಭದ್ರಾವತಿಯ ಕರೆ ಭದ್ರಾವತಿಯಲ್ಲೇ ಎತ್ತಬೇಕು.

ಸತ್ಯ: ಎರಡು ಶಾಖೆ ಇರುವವರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಶಿವಮೊಗ್ಗದ ಎಸ್‌ಟಿಡಿ ಕೋಡ್ 08182, ಭದ್ರಾವತಿಯದು 08282. ಲ್ಯಾಂಡ್‌ಲೈನ್ ಕಾಲದಲ್ಲಿ ಅವು ಬೇರೆ ಬೇರೆ ಲೋಕ. ಭದ್ರಾವತಿಯ ಕೌಂಟರಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದ್ದರೂ ಶಿವಮೊಗ್ಗದಲ್ಲಿ ಕೈಕಟ್ಟಿ ಕೂತವರಿಗೆ ಅದು ಕೇಳುತ್ತಿರಲಿಲ್ಲ. ಈಗ ಎರಡೂ ನಂಬರ್‌ಗಳನ್ನು ಒಂದೇ ಸರದಿಗೆ ಸೇರಿಸಬಹುದು.

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಎರಡು ಶಾಖೆ, ಎರಡರಲ್ಲೂ ಗಂಟೆಗೆ 20 ಕರೆ, ಎರಡರಲ್ಲೂ ಇಬ್ಬಿಬ್ಬರು. ಬೇರೆ ಬೇರೆ ಇದ್ದರೆ ಎರಡೂ ಕಡೆ ಮೂವರಲ್ಲಿ ಒಬ್ಬರು ಕಾಯುತ್ತಾರೆ. ಅದೇ ನಾಲ್ವರನ್ನು ಒಂದೇ ಸರದಿಗೆ ಹಾಕಿದರೆ ಕಾಯುವವರು ಸುಮಾರು ಆರರಲ್ಲಿ ಒಬ್ಬರಿಗೆ ಇಳಿಯುತ್ತಾರೆ, ಸರಾಸರಿ ಕಾಯುವಿಕೆ 60 ಸೆಕೆಂಡಿನಿಂದ ಸುಮಾರು 16 ಸೆಕೆಂಡಿಗೆ ಬರುತ್ತದೆ. ಹೊಸದಾಗಿ ಒಬ್ಬರನ್ನೂ ನೇಮಿಸಿಲ್ಲ.

ಆದರೆ ಷರತ್ತೊಂದಿದೆ. ಶಿವಮೊಗ್ಗದಲ್ಲಿ ಕೂತವರಿಗೆ ಭದ್ರಾವತಿ ಶಾಖೆಯ ಸ್ಟಾಕ್, ಮೆಕ್ಯಾನಿಕ್ ಇವತ್ತು ಹೊಳೆಹೊನ್ನೂರಿನ ಕಡೆ ಹೋಗಿದ್ದಾರೋ ಬಾರಂದೂರಿನ ಕಡೆಯೋ ಎಂಬುದು ಕಂಪ್ಯೂಟರಿನಲ್ಲಿ ಕಾಣಬೇಕು. ಅದಿಲ್ಲದೆ ಸರದಿ ಸೇರಿಸಿದರೆ “ನಂಗೊತ್ತಿಲ್ಲ ಸರ್, ಆ ಬ್ರಾಂಚಿಗೇ ಫೋನ್ ಮಾಡಿ” ಎಂಬ ಉತ್ತರ ಬೇಗ ಸಿಗುತ್ತದೆ, ಅಷ್ಟೇ.

ತಪ್ಪು ಕಲ್ಪನೆ 4: ಟೋಲ್ ಫ್ರೀ ನಂಬರ್ ಇದ್ದರೆ ಗಿರಾಕಿ ಹೆಚ್ಚುತ್ತಾರೆ.

ಸತ್ಯ: 1800 ನಂಬರ್ ಪುಕ್ಕಟೆಯಲ್ಲ, ದುಡ್ಡು ಕೊಡುವವರು ಬದಲಾಗುತ್ತಾರೆ. ಪ್ರತಿ ನಿಮಿಷದ ಬಿಲ್ ಕರೆ ಪಡೆದವರಿಗೆ ಬರುತ್ತದೆ, ಗಿರಾಕಿ ಸರದಿಯಲ್ಲಿ ಕಾದ ನಿಮಿಷವೂ ಅದರಲ್ಲಿ ಸೇರಬಹುದು. 1860ರಿಂದ ಶುರುವಾಗುವ ನಂಬರಿನಲ್ಲಿ ವೆಚ್ಚ ಇಬ್ಬರಿಗೂ ಹಂಚಿಕೆ. ಎಸ್‌ಟಿಡಿ ಬೂತಿನ ಕಾಲದಲ್ಲಿ ಟೋಲ್ ಫ್ರೀ ದೊಡ್ಡ ಆಕರ್ಷಣೆ. ಇಂದು ತಿಂಗಳ ಪ್ಯಾಕ್ ಹಾಕಿಸಿಕೊಂಡವರಿಗೆ ಯಾವ ಸ್ಥಳೀಯ ಕರೆಗೂ ಬೇರೆ ಖರ್ಚಿಲ್ಲ. ದೇಶದ ತುಂಬ ಮಾಲು ಕಳಿಸುವವರಿಗೆ 1800 ಸರಿ. ತಾಲ್ಲೂಕು ದಾಟದ ವ್ಯಾಪಾರಕ್ಕೆ ಜನ ಗುರುತಿಸುವ 08182 ಅಥವಾ ಹತ್ತು ಅಂಕಿಯ ನಂಬರೇ ಮೇಲು.

ತಪ್ಪು ಕಲ್ಪನೆ 5: ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಹೆಚ್ಚಿದಷ್ಟೂ ಸೇವೆ ಚೆನ್ನ.

ಸತ್ಯ: ಈ ಐವಿಆರ್ ವ್ಯವಸ್ಥೆ ನಮ್ಮ ಜನಕ್ಕೆ ಹೊಸದೇನಲ್ಲ. ಅಡುಗೆ ಗ್ಯಾಸನ್ನು ಎಷ್ಟೋ ಮನೆಗಳು ಹೀಗೇ ಬುಕ್ ಮಾಡುತ್ತವೆ. ಇಂಡೇನ್ 2021ರ ಆರಂಭದಲ್ಲಿ ಅದನ್ನೂ ಸರಳಗೊಳಿಸಿ ಮಿಸ್ಡ್ ಕಾಲ್‌ಗೆ ಇಳಿಸಿತು. ಅದು ಗೆದ್ದದ್ದೇಕೆಂದರೆ ನಂಬರ್ ಮೊದಲೇ ನೋಂದಣಿಯಾಗಿದೆ, ಕೇಳುವುದು ಒಂದೇ, ಸಿಲಿಂಡರ್. ಆಸ್ಪತ್ರೆಗೆ ಕರೆ ಮಾಡಿದ ಅಜ್ಜಿಯ ಮುಂದೆ ಏಳು ಆಯ್ಕೆ ಇಟ್ಟರೆ ಏಳನೆಯದು ಕೇಳುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಮೂರು ಆಯ್ಕೆ ಸಾಕು. ಕನ್ನಡ ಮೊದಲು ಬರಲಿ. ‘ಮನುಷ್ಯರೊಡನೆ ಮಾತಾಡಲು’ ಎಂಬುದು ಬಚ್ಚಿಡದ ಆಯ್ಕೆಯಾಗಿರಲಿ.

ಐವಿಆರ್ ನಿಜವಾಗಿ ಕೆಲಸಕ್ಕೆ ಬರುವುದು ಬೇರೆ ಕಡೆ. ಶಿವಮೊಗ್ಗ ಜಿಲ್ಲೆ ಮೆಸ್ಕಾಂ ವ್ಯಾಪ್ತಿಯಲ್ಲಿದೆ, ವಿದ್ಯುತ್ ದೂರಿಗೆ 1912. ಮಳೆಗಾಲದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಇಡೀ ಬಡಾವಣೆ ಒಟ್ಟಿಗೆ ಫೋನ್ ಎತ್ತುತ್ತದೆ. ಇಂಥ ನೂಕುನುಗ್ಗಲಿಗೆ ತಕ್ಕಷ್ಟು ಸಿಬ್ಬಂದಿಯನ್ನು ಯಾವ ಸಂಸ್ಥೆಯೂ ಕೂರಿಸಿಕೊಂಡಿರಲಾಗದು. ಕರೆ ಹತ್ತಿದ ಮೊದಲ ಹತ್ತು ಸೆಕೆಂಡಿನಲ್ಲೇ “ಇಂಥ ಭಾಗದಲ್ಲಿ ಲೈನ್ ಕಡಿದಿದೆ, ಇಷ್ಟು ಹೊತ್ತಿಗೆ ಸರಿಹೋಗುತ್ತದೆ” ಎಂಬ ಧ್ವನಿ ಬಂದರೆ ಬಹುಪಾಲು ಜನ ಅಲ್ಲಿಗೇ ಇಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆಯಾದರೆ ಧ್ವನಿಮುದ್ರಣ, ಒಬ್ಬೊಬ್ಬರದು ಒಂದೊಂದಾದರೆ ಮನುಷ್ಯ. ಇಷ್ಟೇ ಸೂತ್ರ.

ತಪ್ಪು ಕಲ್ಪನೆ 6: ನೆಟ್ ಸ್ಪೀಡ್ ಇದ್ದರೆ ಕ್ಲೌಡ್ (ನೆಟ್ ಮೂಲಕ ಬಾಡಿಗೆಗೆ ಸಿಗುವ ಎಕ್ಸ್‌ಚೇಂಜ್) ಸಾಕು.

ಸತ್ಯ: ಇಂಟರ್‌ನೆಟ್ ಮೂಲಕ ಹೋಗುವ ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ಹತ್ತು ಮಂದಿ ಒಟ್ಟಿಗೆ ಮಾತಾಡಿದರೂ ಒಂದು ಎಂಬಿಪಿಎಸ್ ಆಸುಪಾಸು. ಬೇಕಾಗಿರುವುದು ವೇಗಕ್ಕಿಂತ ಸ್ಥಿರತೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡ್ ಮೀರದಿದ್ದರೆ ಒಳ್ಳೆಯದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದಕ್ಕಿಂತ ಹೆಚ್ಚಿದಂತೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಸುಮ್ಮನಾಗುವ ಪೇಚು.

ಕಚೇರಿಯಲ್ಲೇ ಕೂರಿಸುವ ಸ್ವಂತ ಎಕ್ಸ್‌ಚೇಂಜ್‌ಗೆ (ಇಪಿಎಬಿಎಕ್ಸ್) ಮೊದಲೇ ದೊಡ್ಡ ಗಂಟು ಬೇಕು, ಕೆಟ್ಟರೆ ರಿಪೇರಿಯವರು ಬೇಕು. ಕ್ಲೌಡ್‌ಗೆ ಸೀಟಿಗಿಷ್ಟು ಎಂದು ತಿಂಗಳ ಬಾಡಿಗೆ, ಸೀಸನ್ ಮುಗಿದ ಮೇಲೆ ಸೀಟು ಇಳಿಸಬಹುದು. ಹೆಚ್ಚಿನ ಸಣ್ಣ ವ್ಯಾಪಾರಕ್ಕೆ ಕ್ಲೌಡೇ ಸರಿ. ಆದರೆ ಮಲೆನಾಡಿನ ಮಳೆಗಾಲ ಮರೆಯಬೇಡಿ. ಕಂಪ್ಯೂಟರಿಗೆ ಯುಪಿಎಸ್ ಹಾಕಿ ರೂಟರನ್ನು ಮರೆತ ಕಚೇರಿಗಳು ಬೇಕಾದಷ್ಟಿವೆ. ರೂಟರಿಗೂ ಯುಪಿಎಸ್, ಎರಡನೆಯ ಕಂಪನಿಯ ನೆಟ್, ಅದೂ ಹೋದರೆ ಕರೆ ತಾನಾಗಿ ಸಿಬ್ಬಂದಿಯ ಮೊಬೈಲ್‌ಗೆ ಹೊರಳುವ ಏರ್ಪಾಡು. ಈ ಮೂರೂ ಇದ್ದರೆ ಮಾತ್ರ ಕ್ಲೌಡ್.

ತಪ್ಪು ಕಲ್ಪನೆ 7: ಇನ್ನು ಎಐ ಬಂತಲ್ಲ, ಜನರೇ ಬೇಡ.

ಸತ್ಯ: ಅಂಗಡಿ ಎಷ್ಟಕ್ಕೆ ತೆರೆಯುತ್ತದೆ, ಲ್ಯಾಬ್ ರಿಪೋರ್ಟ್ ಬಂತಾ, ಬುಕ್ ಮಾಡಿದ ಗಾಡಿ ಯಾವಾಗ ಸಿಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಯಂತ್ರ ಉತ್ತರಿಸಬಲ್ಲದು. ತೊಡಕು ಕಿವಿಯದು. ಹಳೆಯ ದೂರವಾಣಿ ಮಾನದಂಡದಲ್ಲಿ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ಧ್ವನಿ ಮಾತ್ರ ಸಾಗುತ್ತದೆ. ‘ಸ’ ಅಕ್ಷರದ ಸದ್ದಿನ ಬಹುಭಾಗ ಇರುವುದು ಅದರ ಆಚೆಗೆ. ಮನುಷ್ಯರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ, ಯಂತ್ರಕ್ಕೆ ಊರಿನ ಹೆಸರುಗಳೇ ತೊಡರುತ್ತವೆ.

ಮೇಲಾಗಿ ಇದು ಭದ್ರಾವತಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎಲ್ಲೆಲ್ಲಿಂದಲೋ ಜನರನ್ನು ಕರೆತಂದ ಊರು. ಒಂದೇ ಕರೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಬೆರೆಯುವುದು ಇಲ್ಲಿ ವಿಶೇಷವಲ್ಲ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಭಾಷಿಣಿಯಂಥ ಯೋಜನೆಗಳಿಂದ ದಾರಿ ಸುಧಾರಿಸುತ್ತಿದೆ. ಅದು ಪೂರ್ತಿ ಸುಗಮವಾಗುವವರೆಗೆ ಯಂತ್ರಕ್ಕೆ ಪುನರಾವರ್ತನೆಯ ಪ್ರಶ್ನೆ ಕೊಡಿ. ಸಿಟ್ಟು, ದುಃಖ, ಚೌಕಾಸಿ ಮೂರನ್ನೂ ಮನುಷ್ಯರಿಗೆ ಬಿಡಿ.

ತಪ್ಪು ಕಲ್ಪನೆ 8: ಗಿರಾಕಿ ನಂಬರ್ ನಮ್ಮ ಹತ್ತಿರ ಇದೆ, ಯಾವಾಗ ಬೇಕಾದರೂ ಕರೆ ಮಾಡಬಹುದು.

ಸತ್ಯ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಪ್ರಚಾರದ ಕರೆ ಮಾಡುವವರು ನೋಂದಾಯಿಸಿಕೊಂಡಿರಬೇಕು. ಅಂಥ ಕರೆಗೆ 140ರಿಂದ ಶುರುವಾಗುವ ನಂಬರ್ ಇದೆ. 1909ಕ್ಕೆ ಹೇಳಿ ಇಂಥ ಕರೆ ಬೇಡವೆಂದವರನ್ನು ಬಿಡಬೇಕು. ನೋಂದಣಿಯಿಲ್ಲದೆ ಮಾಮೂಲಿ ಮೊಬೈಲಿನಿಂದ ಸಾಲು ಸಾಲಾಗಿ ಕರೆ ಮಾಡಿಸುವವರ ಎಲ್ಲ ಸಂಪರ್ಕ ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸುವಂತೆ ಟ್ರಾಯ್ 2024ರ ಆಗಸ್ಟ್‌ನಲ್ಲಿ ಟೆಲಿಕಾಂ ಕಂಪನಿಗಳಿಗೆ ಸೂಚಿಸಿದೆ. ಕರೆ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಹೇಳಿ. ಗಿರಾಕಿಯ ಮಾಹಿತಿ ಜೋಪಾನ ಮಾಡುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಾಪಾರಿಗಳ ಮೇಲೂ ಹೊರಿಸಿದೆ.

ಹಾಗಾದರೆ ಯಾರಿಗೆ ಏನು?

ದಿನಕ್ಕೆ ಹತ್ತಾರು ಕರೆ, ಎಲ್ಲರೂ ಪರಿಚಯದ ಖರೀದಿದಾರರೇ ಆಗಿರುವ ಮಾಚೇನಹಳ್ಳಿಯ ಫೌಂಡ್ರಿಗೆ ಕಾಲ್ ಸೆಂಟರ್ ಬೇಡ, ಕಂಪನಿಯ ಹೆಸರಿನ ಒಂದು ನಂಬರ್ ಮತ್ತು ಎಲ್ಲರೂ ನೋಡಬಹುದಾದ ಆರ್ಡರ್ ಪಟ್ಟಿ ಸಾಕು. ಇವತ್ತಿನ ಅಡಿಕೆ ಧಾರಣೆ ಏನೆಂದು ನೂರು ಜನ ಕೇಳುವ ಮಂಡಿಗೆ ಧ್ವನಿಮುದ್ರಣ ಅಥವಾ ವಾಟ್ಸಾಪ್ ಸಂದೇಶ ಸಾಕು. ಎರಡು ಶಾಖೆಯ ಡೀಲರಿಗೆ ಒಂದೇ ಸರದಿ ಮತ್ತು ಗಿರಾಕಿಯ ಹಳೆಯ ಬಿಲ್ ತೋರಿಸುವ ಪರದೆ. ಆಸ್ಪತ್ರೆಗೆ ಬೆಳಗಿನ ಹೊತ್ತು ಹೆಚ್ಚು ಕೈ, ತಪ್ಪಿದ ಕರೆಗೆ ತಿರುಗಿ ಕರೆ ಮಾಡುವ ಶಿಸ್ತು.

ಏನನ್ನಾದರೂ ಕೊಳ್ಳುವ ಮೊದಲು ಎರಡು ವಾರ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಕರೆ ಬಂದ ಹೊತ್ತು, ಕೇಳಿದ್ದೇನು, ಹಿಡಿದ ನಿಮಿಷ, ಕೆಲಸ ಆಯಿತೋ ಇಲ್ಲವೋ ಎಂದು ನಾಲ್ಕು ಕಾಲಂ ಗೀರಿ ಬರೆಸಿ. ಮಿಸ್ಡ್ ಕಾಲ್‌ಗಳನ್ನೂ ಸೇರಿಸಿ. ಮಾರಲು ಬಂದವರ ಮುಂದೆ ಆ ನೋಟ್‌ಬುಕ್ ಇಟ್ಟು, ಇದಕ್ಕೆ ಎಷ್ಟು ಸೀಟು ಬೇಕು, ಯಾಕೆ ಬೇಕು ಎಂದು ಕೇಳಿ. ಲೆಕ್ಕ ಹಾಕಿ ಹೇಳಿದವರಿಂದ ಕೊಳ್ಳಿ. ಬ್ರೋಷರ್ ತೋರಿಸಿದವರಿಗೆ ಕಾಫಿ ಕೊಟ್ಟು ಕಳಿಸಿ.