ಕಳೆದುಹೋದ ಟ್ಯಾಬ್ಲೆಟ್ಟಿನ ವಿವರಗಳನ್ನು ದೂರದಿಂದಲೇ ಅಳಿಸುವ ಕ್ರಮ

ಹಿಂದೆ ವ್ಯವಸಾಯಕ್ಕೆ ಸಂಬಂಧಪಟ್ಟ ಲೆಕ್ಕಪತ್ರಗಳೆಲ್ಲವೂ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿದ್ದುವು. ಈಗ ಅವುಗಳಲ್ಲಿ ಬಹುಭಾಗವು ಟ್ಯಾಬ್ಲೆಟ್ಟಿನಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಅಡಗಿರುವುದು. ಬೆಳೆ ಸಮೀಕ್ಷೆಗೆಂದು ಹೊಲದಿಂದ ಹೊಲಕ್ಕೆ ತಿರುಗುವವರ ಕೈಯಲ್ಲಿ ಇಡೀ ಗ್ರಾಮದ ಸರ್ವೆ ನಂಬರುಗಳೂ, ಖಾತೆದಾರರ ಹೆಸರುಗಳೂ, ಫೋನ್ ಸಂಖ್ಯೆಗಳೂ ಇರುವುದುಂಟು. ರೈತರ ಫೋನುಗಳಲ್ಲಿಯಾದರೋ ಆಧಾರ್ ಚೀಟಿಯ ಪಟ, ಬ್ಯಾಂಕ್ ಪಾಸ್ ಪುಸ್ತಕದ ಪಟ, ಹಣ ಪಾವತಿಯ ಆ್ಯಪ್ ಮೊದಲಾದವು ಇದ್ದೇ ಇರುವುವು.

ಇಂಥ ಉಪಕರಣವು ಬಸ್ಸಿನಲ್ಲಿಯೋ ಸಂತೆಯಲ್ಲಿಯೋ ಕಳೆದುಹೋದರೆ, ಅದರ ಬೆಲೆಯನ್ನು ಇನ್ನೊಂದು ಬೆಳೆಯಲ್ಲಿ ಸಂಪಾದಿಸಿಕೊಳ್ಳಬಹುದು. ಆದರೆ ಪರರ ಕೈಸೇರಿದ ವಿವರಗಳನ್ನು ಹಿಂದಕ್ಕೆ ಪಡೆಯಲಾಗದು. ನಮ್ಮನ್ನು ನಂಬಿ ವಿವರ ಕೊಟ್ಟ ನೆರೆಯ ರೈತನಿಗೂ ಅದರಿಂದ ಹಾನಿಯುಂಟಾಗಬಹುದು. ಈ ಅಪಾಯವನ್ನು ತಪ್ಪಿಸಲು ಉಪಕರಣವು ಎಲ್ಲಿದ್ದರೂ ಅದರಲ್ಲಿರುವುದನ್ನು ದೂರದಿಂದಲೇ ಅಳಿಸಿಹಾಕುವ ಏರ್ಪಾಡೊಂದು ಇದೆ. ಅದರ ತತ್ತ್ವವನ್ನೂ ಕ್ರಮವನ್ನೂ ಇಲ್ಲಿ ವಿವರಿಸಿದೆ.

ತತ್ತ್ವವೇನು?

ಆಂಡ್ರಾಯ್ಡ್ ಉಪಕರಣಗಳಲ್ಲಿ ಈ ಏರ್ಪಾಡು 2013ರಲ್ಲಿ ಬಂದಿತು. 2025ರಿಂದ ಅದಕ್ಕೆ ‘ಫೈಂಡ್ ಹಬ್’ ಎಂದು ಹೆಸರು. ಆಪಲ್ ಸಂಸ್ಥೆಯ ಐಪ್ಯಾಡಿನಲ್ಲಿ ಇದೇ ಕೆಲಸಕ್ಕೆ ‘ಫೈಂಡ್ ಮೈ’ ಎಂಬುದಿದೆ. ಮಾಲೀಕನು ಬೇರೊಂದು ಫೋನಿನಿಂದ ತನ್ನ ಖಾತೆಯನ್ನು ಪ್ರವೇಶಿಸಿ ಅಪ್ಪಣೆ ಕೊಟ್ಟರೆ, ಅದು ಇಂಟರ್‌ನೆಟ್ಟಿನ ಮೂಲಕ ಕಳೆದ ಉಪಕರಣವನ್ನು ಮುಟ್ಟಿ ಅಲ್ಲಿ ಜಾರಿಗೆ ಬರುವುದು.

ಇಷ್ಟೊಂದು ವಿವರಗಳು ಕೆಲವೇ ನಿಮಿಷಗಳಲ್ಲಿ ಅಳಿಯುವುದು ಹೇಗೆಂದು ಕೇಳಬಹುದು. ಈಚಿನ ಉಪಕರಣಗಳು ವಿವರಗಳನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಡುವುವು. ಅವನ್ನು ಓದಲು ಬೇಕಾದ ಗುಪ್ತ ಕೀಲಿಯೊಂದು ಉಪಕರಣದೊಳಗೇ ಇರುವುದು. ಅಳಿಸುವ ಅಪ್ಪಣೆಯು ಮುಖ್ಯವಾಗಿ ಆ ಕೀಲಿಯನ್ನು ನಾಶಪಡಿಸುವುದು. ಕೀಲಿ ಹೋದ ಮೇಲೆ ಒಳಗೆ ಉಳಿದುದು ಯಾರಿಗೂ ಅರ್ಥವಾಗದ ಅಕ್ಷರಗಳ ರಾಶಿ ಮಾತ್ರ.

ಮುಂಚಿತವಾಗಿ ಮಾಡಬೇಕಾದ ಸಿದ್ಧತೆ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ಈ ಕೆಳಗಿನ ಏರ್ಪಾಡುಗಳನ್ನು ಇಂದೇ ಮಾಡಿಕೊಳ್ಳತಕ್ಕದ್ದು.

1. ತೆರೆಗೆ ಪಿನ್ ಅಥವಾ ಪಾಸ್‌ವರ್ಡ್ ಇಡಬೇಕು. ಅಳಿಸುವ ಅಪ್ಪಣೆ ಮುಟ್ಟುವವರೆಗೆ ಇದೇ ಕಾವಲು.

2. ಉಪಕರಣದಲ್ಲಿ ಗೂಗಲ್ ಖಾತೆಯು ತೆರೆದಿರಬೇಕು. ಸೆಟ್ಟಿಂಗ್ಸಿನಲ್ಲಿ ಫೈಂಡ್ ಹಬ್ ಮತ್ತು ಲೊಕೇಶನ್ ಎರಡೂ ಚಾಲನೆಯಲ್ಲಿರಬೇಕು.

3. ಖಾತೆಗೆ ಎರಡು ಹಂತದ ಪರಿಶೀಲನೆ ಇಟ್ಟಿರುವವರಿಗೆ ಒಂದು ತೊಡಕುಂಟು. ಬೇರೆ ಫೋನಿನಿಂದ ಪ್ರವೇಶಿಸುವಾಗ ಕೇಳುವ ಸಂಕೇತವು ಕಳೆದುಹೋದ ಉಪಕರಣಕ್ಕೇ ಹೋಗಬಹುದು. ಆದುದರಿಂದ ಗೂಗಲ್ ಕೊಡುವ 8 ಅಂಕೆಗಳ ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಭದ್ರವಾಗಿಡಬೇಕು.

4. ಸಿಮ್ ಹಾಕುವ ಪ್ರತಿಯೊಂದು ಉಪಕರಣಕ್ಕೂ 15 ಅಂಕೆಗಳ ಐಎಂಇಐ ಸಂಖ್ಯೆ ಇರುವುದು. ಇದು ಪೆಟ್ಟಿಗೆಯ ಮೇಲೂ ಸೆಟ್ಟಿಂಗ್ಸಿನಲ್ಲಿಯೂ ಸಿಕ್ಕುವುದು. ಇದನ್ನೂ ಬರೆದಿಡಬೇಕು. ವೈಫೈ ಮಾತ್ರವುಳ್ಳ ಟ್ಯಾಬ್ಲೆಟ್ಟುಗಳಿಗೆ ಈ ಸಂಖ್ಯೆ ಇರುವುದಿಲ್ಲ.

5. ಸಮೀಕ್ಷೆಯ ವಿವರಗಳನ್ನು ಆಯಾ ದಿನವೇ ಕಳುಹಿಸಿಬಿಡಬೇಕು. ಕಳುಹಿಸದೆ ಉಳಿದುದು ಅಳಿಸಿದೊಡನೆ ಶಾಶ್ವತವಾಗಿ ಹೋಗುವುದು. ಈ ಭಯದಿಂದಲೇ ಅಳಿಸಲು ಹಿಂಜರಿಯುವ ಸಂದರ್ಭವು ಬರಬಾರದು.

ಕಳೆದ ಮೇಲೆ ಅನುಸರಿಸಬೇಕಾದ ಕ್ರಮ

ಈ ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಬಹು ಮುಖ್ಯವಾದ ವಿಷಯ.

ಮೊದಲು ಆಪ್ತರ ಫೋನಿನಿಂದ ಫೈಂಡ್ ಹಬ್ಬನ್ನು ಪ್ರವೇಶಿಸಿ ಉಪಕರಣವೆಲ್ಲಿದೆಯೆಂದು ನೋಡಬೇಕು. ಅದು ತನ್ನ ಮನೆಯಲ್ಲಿಯೋ ನೆಂಟರ ಮನೆಯಲ್ಲಿಯೋ ಇದ್ದರೆ ಚಿಂತೆಯಿಲ್ಲ. ಅಪರಿಚಿತ ಸ್ಥಳದಲ್ಲಿದ್ದರೆ ಒಬ್ಬನೇ ಹುಡುಕಿಕೊಂಡು ಹೋಗದೆ ಪೊಲೀಸರಿಗೆ ತಿಳಿಸಬೇಕು. ಎರಡನೆಯದಾಗಿ, ಅಲ್ಲಿಂದಲೇ ಉಪಕರಣಕ್ಕೆ ಬೀಗ ಹಾಕಬೇಕು. ಸಿಕ್ಕಿದವರು ಕರೆಯಲೆಂದು ತೆರೆಯ ಮೇಲೆ ಒಂದು ಫೋನ್ ಸಂಖ್ಯೆಯನ್ನೂ ತೋರಿಸಬಹುದು. ಮರಳಿ ಸಿಕ್ಕುವ ಆಸೆ ಇಲ್ಲವೆಂದು ಕಂಡರೆ ಮೂರನೆಯದಾಗಿ ಅಳಿಸುವ ಅಪ್ಪಣೆಯನ್ನು ಕೊಡಬೇಕು. ಆಂಡ್ರಾಯ್ಡ್ ಉಪಕರಣವು ಒಮ್ಮೆ ಅಳಿಸಿಹೋದ ಮೇಲೆ ಅದು ಎಲ್ಲಿದೆಯೆಂದು ಫೈಂಡ್ ಹಬ್ಬಿನಲ್ಲಿ ನೋಡಲಾಗದು. ಆದುದರಿಂದಲೇ ಹುಡುಕುವುದು ಮೊದಲು, ಅಳಿಸುವುದು ಕೊನೆಗೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಅಪ್ಪಣೆಯು ಉಪಕರಣವನ್ನು ಮುಟ್ಟುವುದು ಸಾಮಾನ್ಯವಾಗಿ ಅದರ ಸಿಮ್ಮಿನ ಡೇಟಾ ಮೂಲಕವೇ. ಗಾಬರಿಯಿಂದ ಮೊದಲೇ ಸಿಮ್ಮನ್ನು ನಿಲ್ಲಿಸಿಬಿಟ್ಟರೆ ಆ ದಾರಿಯೇ ಮುಚ್ಚಿಹೋಗುವುದು. ಆದರೆ ಸಿಮ್ಮನ್ನು ಬಹಳ ಹೊತ್ತು ಹಾಗೆಯೇ ಬಿಡುವುದೂ ಅಪಾಯ. ಏತಕ್ಕೆಂದರೆ ಬ್ಯಾಂಕಿನ ಓಟಿಪಿಗಳು ಅದಕ್ಕೇ ಬರುವುವು. ಹಾಗಾಗಿ ಉಪಕರಣವು ಸಂಪರ್ಕದಲ್ಲಿದ್ದರೆ ಅಳಿಸುವ ಅಪ್ಪಣೆ ಕೊಟ್ಟು, ಅದು ನೆರವೇರಿದೊಡನೆ ಸಿಮ್ಮನ್ನು ನಿಲ್ಲಿಸಬೇಕು. ಉಪಕರಣವು ಆರಿಹೋಗಿದ್ದರೆ ಅಪ್ಪಣೆಯನ್ನು ಕೊಟ್ಟಿಟ್ಟು, ಕಾಯದೆ ಸಿಮ್ಮನ್ನು ನಿಲ್ಲಿಸಿ ಬ್ಯಾಂಕಿಗೂ ತಿಳಿಸಬೇಕು. ಅಪ್ಪಣೆಯು ಬಾಕಿ ಉಳಿದಿದ್ದು, ಉಪಕರಣವು ಮುಂದೆಂದಾದರೂ ವೈಫೈ ಮೂಲಕ ಇಂಟರ್‌ನೆಟ್ಟಿಗೆ ಸೇರಿದೊಡನೆ ಜಾರಿಗೆ ಬರುವುದು. ಅಲ್ಲಿಯವರೆಗೆ ಆ ಉಪಕರಣವನ್ನು ಗೂಗಲ್ ಖಾತೆಯ ಪಟ್ಟಿಯಿಂದ ತೆಗೆಯಕೂಡದು.

ಆಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ‘ಸಂಚಾರ್ ಸಾಥಿ’ ಎಂಬ ಜಾಲತಾಣವನ್ನು ಆರಂಭಿಸಿತು. ದೂರಿನ ಪ್ರತಿ, ಗುರುತಿನ ಚೀಟಿ ಮತ್ತು ಐಎಂಇಐ ಸಂಖ್ಯೆಯೊಡನೆ ಅಲ್ಲಿ ಅರ್ಜಿ ಸಲ್ಲಿಸಿದರೆ, ಆ ಉಪಕರಣವು ದೇಶದ ಯಾವ ಮೊಬೈಲ್ ಜಾಲದಲ್ಲಿಯೂ ನಡೆಯದಂತೆ ತಡೆಯುವರು. ಸಿಕ್ಕಿದ ಮೇಲೆ ತಡೆಯನ್ನು ತೆಗೆಸಲೂಬಹುದು. ಬ್ಯಾಂಕಿನಿಂದ ಹಣವೇ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಇತರರ ವಿವರಗಳು ಉಪಕರಣದಲ್ಲಿದ್ದರೆ ಮೇಲಧಿಕಾರಿಗಳಿಗೆ ಅಂದೇ ವರದಿಮಾಡತಕ್ಕದ್ದು. ಅದನ್ನು ಮುಚ್ಚಿಡುವುದರಿಂದ ಹಾನಿ ಹೆಚ್ಚುವುದೇ ಹೊರತು ಕಡಮೆಯಾಗದು.

ಈ ಉಪಾಯದ ಮಿತಿಗಳು

ಕಳ್ಳನು ಉಪಕರಣವನ್ನು ಇಂಟರ್‌ನೆಟ್ಟಿಗೆ ಎಂದೂ ಸೇರಿಸದಿದ್ದರೆ ಅಪ್ಪಣೆಯು ಮುಟ್ಟುವುದೇ ಇಲ್ಲ. ಪ್ರತ್ಯೇಕವಾಗಿ ಹಾಕಿದ ಮೆಮೊರಿ ಕಾರ್ಡಿನಲ್ಲಿರುವುದು ಅಳಿಯದೆ ಉಳಿಯಬಹುದು. ಆದುದರಿಂದ ಆಧಾರ್, ಪಾಸ್ ಪುಸ್ತಕಗಳ ಪಟಗಳನ್ನು ಅದರಲ್ಲಿ ಇಡಕೂಡದು. ಅರ್ಜಿ ಸಲ್ಲಿಸಿದ ಮೇಲೆ ಬೇಡವಾದ ಪಟಗಳನ್ನು ತೆಗೆದುಹಾಕುವುದು ಎಲ್ಲಕ್ಕಿಂತ ಮೇಲು. ಇಲ್ಲದ ವಸ್ತುವನ್ನು ಯಾರೂ ಕದಿಯಲಾರರು.

ಬಿತ್ತುವ ಮೊದಲು ಬೀಜೋಪಚಾರ ಮಾಡುವುದಕ್ಕೆ ಹಿಡಿಯುವ ಹೊತ್ತು ಅಲ್ಪ. ಅದರಿಂದ ಉಳಿಯುವ ಬೆಳೆ ಅಪಾರ. ಮೇಲೆ ಹೇಳಿದ ಸಿದ್ಧತೆಯೂ ಅಂಥದೇ. ಫೋನುಳ್ಳ ಪ್ರತಿಯೊಬ್ಬರೂ ಮನೆಯ ಓದುಬಲ್ಲ ಮಕ್ಕಳ ಸಹಾಯದಿಂದಲಾದರೂ ಈ ವಾರದಲ್ಲಿಯೇ ಇದನ್ನು ಮಾಡಿಕೊಳ್ಳುವುದು ಕ್ಷೇಮ.