ಉಪಗ್ರಹ ಏಕೆ ಕೆಳಗೆ ಬೀಳುವುದಿಲ್ಲ? ಹವಾಮಾನ ವರದಿಯ ಹಿಂದಿರುವ ವಿಜ್ಞಾನ

ಮುಂಗಾರು ಹಂಗಾಮು ಬಂತೆಂದರೆ ರೇಡಿಯೋ, ದೂರದರ್ಶನ ಮತ್ತು ಮೊಬೈಲ್ ಮೂಲಕ ಬರುವ ಹವಾಮಾನ ಮುನ್ಸೂಚನೆಯನ್ನು ರೈತ ಬಾಂಧವರು ತಪ್ಪದೆ ಗಮನಿಸುತ್ತಾರೆ. ಔಷಧಿ ಸಿಂಪಡಿಸಬೇಕೋ ಬೇಡವೋ, ಮೇಲುಗೊಬ್ಬರ ಕೊಡಬೇಕೋ ತಡೆಯಬೇಕೋ, ಕೊಯ್ದ ಸೋಯಾ ಅವರೆಯನ್ನು ಕಣದಲ್ಲಿ ಬಿಡಬೇಕೋ ಒಳಗೆ ಸಾಗಿಸಬೇಕೋ ಎಂಬ ತೀರ್ಮಾನಗಳು ಇದನ್ನು ಅವಲಂಬಿಸಿವೆ. "ಉಪಗ್ರಹವು ಕಳಿಸಿದ ಚಿತ್ರದ ಪ್ರಕಾರ" ಎಂಬ ಮಾತನ್ನೂ ಈ ವರದಿಗಳಲ್ಲಿ ಕೇಳುತ್ತೇವೆ. ಆದರೆ ಮಳೆಯಾಗುವುದೆಂದು ವರದಿಯಾದ ದಿನ ನಮ್ಮ ಹೊಲ ಒಣಗಿದ್ದು, ಹಳ್ಳದ ಆಚೆಯ ಹೊಲ ತೊಯ್ದಿರುವುದೂ ಉಂಟು. ಆಗ ವರದಿಯ ಮೇಲಿನ ನಂಬಿಕೆಯೇ ಹೋಗಿಬಿಡುತ್ತದೆ. ಉಪಗ್ರಹ ಯಾವ ಆಧಾರದ ಮೇಲೆ ಆಕಾಶದಲ್ಲಿ ನಿಂತಿದೆ, ಅಲ್ಲಿಂದ ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ವರದಿಯನ್ನು ಸರಿಯಾಗಿ ಬಳಸಿಕೊಳ್ಳಬಹುದು. ಪ್ರೌಢಶಾಲೆಯಲ್ಲಿ ಓದುವ ನಿಮ್ಮ ಮಕ್ಕಳಿಗೂ ಇದು ಪಾಠದ ವಿಷಯವಾಗಿರುವುದರಿಂದ ಅವರೊಡನೆ ಕೂಡಿ ಓದಬಹುದು.

ಗೋಕಾಕ ಜಲಪಾತದಲ್ಲಿ ಕಾಣುವ ನಿಯಮ

ಭೂಮಿ ತನ್ನ ಸುತ್ತಲಿನ ಪ್ರತಿಯೊಂದು ವಸ್ತುವನ್ನೂ ತನ್ನ ಕೇಂದ್ರದ ಕಡೆಗೆ ಸೆಳೆಯುತ್ತದೆ. ಇದಕ್ಕೆ ಗುರುತ್ವಾಕರ್ಷಣೆ ಎನ್ನುತ್ತಾರೆ. ಹಿಡಕಲ್ ಜಲಾಶಯದಿಂದ ಕಾಲುವೆಗೆ ಬಿಟ್ಟ ನೀರು ಪಂಪಿನ ಸಹಾಯವಿಲ್ಲದೆ ಇಳಿಜಾರಿನಲ್ಲಿ ಹರಿದು ಬರುವುದು ಈ ಸೆಳೆತದಿಂದಲೇ. ಗೋಕಾಕದ ಹತ್ತಿರ ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದೂ ಇದರಿಂದಲೇ.

ಬೀಳುವ ವಸ್ತುವಿನ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಮೇಲಿನಿಂದ ಬಿಟ್ಟ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಎರಡು ಸೆಕೆಂಡು ಕಳೆದಾಗ ಒಟ್ಟು 19.6 ಮೀಟರ್, ಮೂರು ಸೆಕೆಂಡಿಗೆ 44.1 ಮೀಟರ್ ಬಿದ್ದಿರುತ್ತದೆ. ಈ ಲೆಕ್ಕದಲ್ಲಿ ಗೋಕಾಕ ಜಲಪಾತದ ನೀರು ಕೆಳಗೆ ತಲುಪಲು ಸುಮಾರು ಮೂರೂಕಾಲು ಸೆಕೆಂಡು ಬೇಕು. ಮೊದಲ ಸೆಕೆಂಡಿನ ಬೀಳುವಿಕೆ ಹೆಚ್ಚುಕಡಿಮೆ 5 ಮೀಟರ್ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ವಿಷಯವೆಲ್ಲ ಇದರ ಮೇಲೆಯೇ ನಿಂತಿದೆ.

ಕವಣೆಯ ಕಲ್ಲು ಮತ್ತು ಉಪಗ್ರಹ

ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುವುದು ನಮ್ಮ ಭಾಗದವರಿಗೆ ಗೊತ್ತಿದ್ದದ್ದೇ. ಮೆಲ್ಲಗೆ ಬೀಸಿದ ಕಲ್ಲು ಹತ್ತಿರ ಬೀಳುತ್ತದೆ, ಜೋರಾಗಿ ಬೀಸಿದ್ದು ದೂರ ಬೀಳುತ್ತದೆ. ಅಡ್ಡಲಾಗಿ ಹೋಗುತ್ತಿರುವಾಗಲೂ ಕಲ್ಲು ಕೆಳಗೆ ಬೀಳುತ್ತಲೇ ಇರುತ್ತದೆ. ಈಗ ಆ ಕಲ್ಲನ್ನು ಇನ್ನೂ ಹೆಚ್ಚಿನ ವೇಗದಲ್ಲಿ ಎಸೆಯಲು ಸಾಧ್ಯವಾಯಿತೆಂದು ತಿಳಿಯೋಣ.

ಭೂಮಿ ದುಂಡಗಿದೆ. ನಮ್ಮ ಕಾಲ ಕೆಳಗಿನ ನೆಲದ ಮಟ್ಟಕ್ಕೆ ಒಂದು ನೇರವಾದ ಗೆರೆ ಎಳೆದರೆ, 8 ಕಿಲೋಮೀಟರ್ ಆಚೆ ಭೂಮಿಯ ಮೈ ಆ ಗೆರೆಗಿಂತ 5 ಮೀಟರಿನಷ್ಟು ಕೆಳಗೆ ಬಾಗಿರುತ್ತದೆ. ಒಂದು ವಸ್ತು ಒಂದು ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಸಾಗಿದರೆ ಆ ಸೆಕೆಂಡಿನಲ್ಲಿ ಅದು 5 ಮೀಟರ್ ಬೀಳುತ್ತದೆ. ಅಷ್ಟರಲ್ಲಿ ನೆಲವೂ 5 ಮೀಟರ್ ಕೆಳಗೆ ಸರಿದಿರುತ್ತದೆ! ಆದ್ದರಿಂದ ನೆಲಕ್ಕೂ ಅದಕ್ಕೂ ಇರುವ ಅಂತರ ಕಡಿಮೆಯಾಗುವುದೇ ಇಲ್ಲ. ಅದು ಬೀಳುತ್ತಲೇ ಇರುತ್ತದೆ, ಆದರೆ ನೆಲವನ್ನು ಮುಟ್ಟದೆ ಭೂಮಿಯನ್ನು ಸುತ್ತುತ್ತದೆ. ಉಪಗ್ರಹವೆಂದರೆ ಇಷ್ಟೇ. ಗಾಳಿಯಿರುವ ಎತ್ತರದಲ್ಲಿ ಇಂತಹ ವೇಗದ ವಸ್ತು ಉಜ್ಜಿ ಉರಿದುಹೋಗುವುದರಿಂದ ರಾಕೆಟ್ಟಿನ ಮೂಲಕ ಅದನ್ನು ಗಾಳಿ ಅತಿ ತೆಳುವಾಗಿರುವ ಎತ್ತರಕ್ಕೆ ಒಯ್ದು, ಅಲ್ಲಿ ಅಡ್ಡ ವೇಗ ಕೊಟ್ಟು ಬಿಡುತ್ತಾರೆ. ಆ ಬಳಿಕ ಸುತ್ತಲು ಯಂತ್ರದ ಬಲ ಬೇಕಾಗುವುದಿಲ್ಲ.

ಇಂಗ್ಲೆಂಡಿನ ಐಸಾಕ್ ನ್ಯೂಟನ್ ಗುರುತ್ವದ ನಿಯಮವನ್ನು 1687ರಲ್ಲಿ ಪ್ರಕಟಿಸಿದರು. ಬೆಟ್ಟದ ತುದಿಯಿಂದ ಹಾರಿಸಿದ ತೋಪಿನ ಗುಂಡಿನ ಉದಾಹರಣೆಯಿಂದ ಈ ವಿಚಾರವನ್ನು ವಿವರಿಸಿದವರೂ ಅವರೇ. ಅದು ನಿಜವಾಗಲು 1957ರವರೆಗೆ ಕಾಯಬೇಕಾಯಿತು. ಆ ವರ್ಷ ಸೋವಿಯತ್ ಒಕ್ಕೂಟವು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಅನ್ನು ಹಾರಿಸಿತು. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಮೇಲೇರಿತು. ಅದು ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ಆ ಕಾರ್ಯದ ನೇತೃತ್ವ ವಹಿಸಿದ್ದವರು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿಯೂ ಅತ್ಯಲ್ಪ ಗಾಳಿ ಇರುವುದರಿಂದ ಆರ್ಯಭಟ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಇಳಿದು, 1992ರಲ್ಲಿ ದಟ್ಟ ವಾತಾವರಣವನ್ನು ಹೊಕ್ಕು ನಾಶವಾಯಿತು.

ಒಂದು ತಪ್ಪು ತಿಳುವಳಿಕೆ

ಮೇಲೆ ಗುರುತ್ವಾಕರ್ಷಣೆ ಇಲ್ಲ, ಆದ್ದರಿಂದಲೇ ಉಪಗ್ರಹ ಬೀಳುವುದಿಲ್ಲ ಎಂದು ಅನೇಕರು ತಿಳಿದಿರುತ್ತಾರೆ. ಇದು ಸರಿಯಲ್ಲ. ಗಗನಯಾತ್ರಿಗಳು ಇರುವ 400 ಕಿಲೋಮೀಟರ್ ಎತ್ತರದಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿನ ಸೆಳೆತದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಇರುತ್ತದೆ. ಅವರು ತೇಲುವುದು ಸೆಳೆತ ಇಲ್ಲದ್ದರಿಂದ ಅಲ್ಲ. ಅವರೂ ಅವರ ವಾಹನವೂ ಒಂದೇ ರೀತಿ ಬೀಳುತ್ತಿರುವುದರಿಂದ ಒಬ್ಬರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ.

ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಖಾಲಿ ಡಬ್ಬಿಯ ಬದಿಯಲ್ಲಿ, ತಳದ ಹತ್ತಿರ, ಮೊಳೆಯಿಂದ ತೂತು ಮಾಡಿ ನೀರು ತುಂಬಿಸಿ. ಕೈಯಲ್ಲಿ ಹಿಡಿದಾಗ ತೂತಿನಿಂದ ನೀರು ಚಿಮ್ಮುತ್ತದೆ. ಡಬ್ಬಿಯನ್ನು ಎತ್ತರದಿಂದ ಕೈಬಿಟ್ಟರೆ ಕೆಳಗೆ ಬೀಳುವಷ್ಟು ಹೊತ್ತು ನೀರು ಚಿಮ್ಮುವುದು ನಿಲ್ಲುತ್ತದೆ. ನೀರೂ ಡಬ್ಬಿಯೂ ಕೂಡಿ ಬೀಳುವುದರಿಂದ ಒಂದು ಇನ್ನೊಂದನ್ನು ಒತ್ತುವುದಿಲ್ಲ.

ದೂರ ಹೆಚ್ಚಿದಂತೆ ಸೆಳೆತ ಕಡಿಮೆ

ಭೂಮಿಯ ಕೇಂದ್ರದಿಂದ ದೂರ ಎರಡರಷ್ಟಾದರೆ ಸೆಳೆತ ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಚಂದ್ರ ಇರುವುದು ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿ. ಅಲ್ಲಿ ಸೆಳೆತ 3,600ರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಚಂದ್ರ ಒಂದು ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಬೀಳುವುದು ಒಂದೂವರೆ ಮಿಲಿಮೀಟರಿಗಿಂತಲೂ ಕಡಿಮೆ, ಹೆಚ್ಚುಕಡಿಮೆ ಒಂದು ರಾಗಿ ಕಾಳಿನ ಗಾತ್ರದಷ್ಟು.

ಸೆಳೆತ ಕಡಿಮೆಯಾದಷ್ಟೂ ಸುತ್ತುವ ವೇಗವೂ ಕಡಿಮೆ ಸಾಕು, ಸುತ್ತುವ ದಾರಿಯೂ ದೊಡ್ಡದು. ಆದ್ದರಿಂದ ದೂರದ ಉಪಗ್ರಹಕ್ಕೆ ಒಂದು ಸುತ್ತಿಗೆ ಹೆಚ್ಚು ಸಮಯ ಬೇಕು. ಕೆಳಗಿನ ಲೆಕ್ಕವನ್ನು ನೋಡಿರಿ.

ಆರ್ಯಭಟ: ಎತ್ತರ ಸುಮಾರು 600 ಕಿ.ಮೀ., ಒಂದು ಸುತ್ತಿಗೆ 96 ನಿಮಿಷ.
ರಿಸೋರ್ಸ್‌ಸ್ಯಾಟ್: ಎತ್ತರ ಸುಮಾರು 817 ಕಿ.ಮೀ., ಒಂದು ಸುತ್ತಿಗೆ 101 ನಿಮಿಷ.
ಇನ್ಸಾಟ್: ಎತ್ತರ ಸುಮಾರು 35,786 ಕಿ.ಮೀ., ಒಂದು ಸುತ್ತಿಗೆ 23 ಗಂಟೆ 56 ನಿಮಿಷ.
ಚಂದ್ರ: ದೂರ ಸುಮಾರು 3,84,400 ಕಿ.ಮೀ., ಒಂದು ಸುತ್ತಿಗೆ 27 ದಿನ 8 ಗಂಟೆ.

ಯಾವ ಎತ್ತರಕ್ಕೆ ಎಷ್ಟು ಸಮಯ ಎಂಬುದನ್ನು ಗುರುತ್ವಾಕರ್ಷಣೆಯೇ ಗೊತ್ತುಮಾಡುತ್ತದೆ. ವಿಜ್ಞಾನಿಗಳು ತಮಗೆ ಬೇಕಾದ ಎತ್ತರದಲ್ಲಿ ಬೇಕಾದ ಸಮಯವನ್ನು ಪಡೆಯಲಾರರು.

ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ

ಭೂಮಿ ತನ್ನ ಸುತ್ತ ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯವೂ 23 ಗಂಟೆ 56 ನಿಮಿಷವೇ. ಎತ್ತುಗಳಿಂದ ನಡೆಯುತ್ತಿದ್ದ ಹಿಂದಿನ ಕಬ್ಬಿನ ಗಾಣವನ್ನು ನೆನೆಯಿರಿ. ಗಾಣದ ಉದ್ದನೆಯ ಮರದ ಮೇಲೆ ಕುಳಿತ ಹುಡುಗನಿಗೆ ಎತ್ತು ಸದಾ ತನ್ನ ಮುಂದೆ ಒಂದೇ ಕಡೆ ಕಾಣುತ್ತಿತ್ತು. ಇಬ್ಬರೂ ಸುತ್ತುತ್ತಿದ್ದರೂ ಜೊತೆಯಾಗಿ ಸುತ್ತುತ್ತಿದ್ದುದರಿಂದ ಹೀಗೆ. ಹಾಗೆಯೇ ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಪೂರ್ವದ ಕಡೆಗೆ ಸುತ್ತುವ ಉಪಗ್ರಹ ನಮಗೆ ಆಕಾಶದಲ್ಲಿ ನಿಂತಂತೆ ತೋರುತ್ತದೆ. ಇದಕ್ಕೆ ಭೂಸ್ಥಿರ ಉಪಗ್ರಹ ಎಂದು ಹೆಸರು. ಇದೂ ಬೀಳುತ್ತಲೇ ಇರುತ್ತದೆ, ಒಂದು ಸೆಕೆಂಡಿಗೆ ಸುಮಾರು 11 ಸೆಂಟಿಮೀಟರ್, ಅಂದರೆ ಅರ್ಧ ಗೇಣಿನಷ್ಟು.

ಇಂತಹ ಉಪಗ್ರಹವನ್ನು ನೇರವಾಗಿ ಬೆಳಗಾವಿಯ ನೆತ್ತಿಯ ಮೇಲೆ ನಿಲ್ಲಿಸಲು ಬರುವುದಿಲ್ಲ. ಸೆಳೆತವು ಭೂಮಿಯ ಕೇಂದ್ರದ ಕಡೆಗೇ ಇರುವುದರಿಂದ ಸುತ್ತುವ ದಾರಿಯ ನಡುಬಿಂದು ಭೂಮಿಯ ಕೇಂದ್ರದಲ್ಲಿಯೇ ಇರಬೇಕು. ಹೀಗಾಗಿ ನಿಂತಂತೆ ಕಾಣುವುದು ಸಮಭಾಜಕ ವೃತ್ತದ ಮೇಲಿನ ದಾರಿಯಲ್ಲಿ ಮಾತ್ರ ಸಾಧ್ಯ. ನಮ್ಮೂರಿನ ದೂರದರ್ಶನದ ಡಿಶ್‌ಗಳೆಲ್ಲ ದಕ್ಷಿಣ ದಿಕ್ಕಿನ ಕಡೆಗೆ ಮುಖ ಮಾಡಿರುವುದು ಇದೇ ಕಾರಣಕ್ಕೆ.

1975–76ರಲ್ಲಿ ಅಮೆರಿಕದ ಒಂದು ಭೂಸ್ಥಿರ ಉಪಗ್ರಹದ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಕೃಷಿಯ ವಿಷಯಕ್ಕೆ ಅದರಲ್ಲಿ ಮುಖ್ಯ ಸ್ಥಾನವಿತ್ತು. 1983ರ ಆಗಸ್ಟ್ 30ರಂದು ಮೇಲೇರಿದ ಇನ್ಸಾಟ್-1ಬಿ ಭಾರತದ್ದೇ ಆದ ಉಪಗ್ರಹ. ದೂರದರ್ಶನ, ದೂರವಾಣಿಗಳ ಜೊತೆಗೆ ಮೋಡಗಳ ಚಿತ್ರವನ್ನೂ ಅದು ಕಳಿಸುತ್ತಿತ್ತು. ಅದನ್ನು ನಿಲ್ಲಿಸಿದ್ದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. 2016ರ ಸೆಪ್ಟೆಂಬರ್ 8ರಂದು ಶ್ರೀಹರಿಕೋಟಾದಿಂದ ಹಾರಿಸಿದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್‌ಗೂ ಇದೇ 74 ಡಿಗ್ರಿಯ ಸ್ಥಾನವನ್ನು ಕೊಡಲಾಯಿತು. ತುಕ್ಕಾನಟ್ಟಿಯ ರೇಖಾಂಶ 75 ಡಿಗ್ರಿಗೆ ಹತ್ತಿರವಿರುವುದರಿಂದ ಆ ಸ್ಥಾನ ಇಲ್ಲಿಂದ ಬಹುತೇಕ ನೇರ ದಕ್ಷಿಣಕ್ಕೆ, ನೆತ್ತಿಯಿಂದ ಸುಮಾರು 19 ಡಿಗ್ರಿ ಕೆಳಗೆ ಬರುತ್ತದೆ. 2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಎಂಬ ಇನ್ನೊಂದು ಹವಾಮಾನ ಉಪಗ್ರಹವೂ ಮೇಲೇರಿದೆ.

ಸೂರ್ಯ ಚಂದ್ರರ ಸೆಳೆತದಿಂದ ಭೂಸ್ಥಿರ ಉಪಗ್ರಹಗಳು ತಮ್ಮ ಸ್ಥಾನದಿಂದ ಮೆಲ್ಲಗೆ ಸರಿಯುತ್ತವೆ. ಹಾಸನದಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರದವರು ಆಗಾಗ ಉಪಗ್ರಹದ ಚಿಕ್ಕ ಎಂಜಿನ್ನುಗಳನ್ನು ನಡೆಸಿ ಅದನ್ನು ಸರಿಪಡಿಸುತ್ತಾರೆ. ಅದರಲ್ಲಿರುವ ಇಂಧನ ಮುಗಿದರೆ ಉಪಗ್ರಹದ ಆಯುಷ್ಯವೂ ಮುಗಿದಂತೆ.

ಹತ್ತಿರವಾದರೆ ನಿಲ್ಲದು, ನಿಂತರೆ ದೂರ

ಈಗ ರೈತರಿಗೆ ಸಂಬಂಧಿಸಿದ ಮುಖ್ಯ ಅಂಶಕ್ಕೆ ಬರೋಣ. ರಿಸೋರ್ಸ್‌ಸ್ಯಾಟ್‌ನಂತಹ ಉಪಗ್ರಹ ಹತ್ತಿರದಲ್ಲಿರುವುದರಿಂದ ಹೊಲ ಹೊಲವನ್ನೂ ಬೇರ್ಪಡಿಸಿ ನೋಡಬಲ್ಲದು. ಬೆಳೆಯ ಕ್ಷೇತ್ರ ಅಂದಾಜು ಮಾಡಲು ಇದು ಬಹಳ ಉಪಯುಕ್ತ. ಆದರೆ ಅದು ನಮ್ಮ ಮೇಲಿಂದ ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ಮತ್ತೆ ಅದೇ ದಾರಿಗೆ ಬರುವುದು 24 ದಿನಗಳ ನಂತರ. ಎರಡು ಗಂಟೆಯಲ್ಲಿ ಎದ್ದು ಸುರಿದು ಹೋಗುವ ಅಡ್ಡಮಳೆಯ ಮೋಡವನ್ನು ಕಾಯಲು ಅದರಿಂದ ಸಾಧ್ಯವಿಲ್ಲ.

ಭೂಸ್ಥಿರ ಉಪಗ್ರಹವು ಹಗಲು ರಾತ್ರಿ ನಮ್ಮ ಮೇಲೆ ಕಣ್ಣಿಟ್ಟಿದ್ದು ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸಬಲ್ಲದು. ಆದರೆ ಅದು ನಲವತ್ತು ಪಟ್ಟಿಗೂ ಹೆಚ್ಚು ದೂರದಲ್ಲಿದೆ. ಅಷ್ಟು ದೂರದಿಂದ ಸೂಕ್ಷ್ಮವಾಗಿ ನೋಡಲು ಬಹಳ ದೊಡ್ಡ ದೂರದರ್ಶಕ ಬೇಕು. ಇನ್ಸಾಟ್-3ಡಿಆರ್‌ನಲ್ಲಿ ಮೋಡದ ನೆತ್ತಿಯ ಉಷ್ಣತೆಯನ್ನು ಅಳೆಯುವ ಚಿತ್ರದ ಒಂದು ಚುಕ್ಕೆ ಎಂದರೆ 4 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಪ್ರದೇಶ. ಅದರೊಳಗೆ ಸುಮಾರು 4,000 ಎಕರೆ ಜಮೀನು ಸೇರುತ್ತದೆ. ನಿಮ್ಮ ಹೊಲವೂ ಹಳ್ಳದ ಆಚೆಯ ಹೊಲವೂ ಅದಕ್ಕೆ ಒಂದೇ ಚುಕ್ಕೆ. ಅಲ್ಲದೆ ಅದು ನೋಡುವುದು ಮೋಡದ ಮೇಲ್ಭಾಗವನ್ನೇ ಹೊರತು ಕೆಳಗೆ ಬೀಳುವ ಹನಿಯನ್ನಲ್ಲ. ನೆತ್ತಿ ಬಹಳ ತಣ್ಣಗಿದ್ದರೆ ಮೋಡ ಎತ್ತರಕ್ಕೆ ಬೆಳೆದಿದೆ, ಮಳೆ ಸಂಭವ ಹೆಚ್ಚು ಎಂದು ಊಹಿಸುತ್ತಾರೆ. ಇದರ ಜೊತೆಗೆ ನೆಲದ ಮೇಲಿನ ವೀಕ್ಷಣಾಲಯಗಳ ಮಾಹಿತಿ, ರಾಡಾರ್ ಮತ್ತು ಕಂಪ್ಯೂಟರ್ ಲೆಕ್ಕಗಳನ್ನು ಕೂಡಿಸಿ ಮುನ್ಸೂಚನೆ ತಯಾರಾಗುತ್ತದೆ. ಆದ್ದರಿಂದ ಮುನ್ಸೂಚನೆ ಒಂದು ಪ್ರದೇಶಕ್ಕೆ ಹೇಳಿದ್ದು, ಒಂದು ಹೊಲಕ್ಕೆ ಹೇಳಿದ್ದಲ್ಲ.

ರೈತರು ಏನು ಮಾಡಬೇಕು?

1. ಹವಾಮಾನ ಆಧಾರಿತ ಕೃಷಿ ಸಲಹೆಯನ್ನು ತಪ್ಪದೆ ಓದಬೇಕು. 2019ರಲ್ಲಿ ಬಿಡುಗಡೆಯಾದ 'ಮೇಘದೂತ' ಮೊಬೈಲ್ ಆ್ಯಪ್‌ನಲ್ಲಿ ಜಿಲ್ಲಾವಾರು ಸಲಹೆ ದೊರೆಯುತ್ತದೆ. ಸಂದೇಹವಿದ್ದಲ್ಲಿ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

2. ವ್ಯಾಪಕ ಮಳೆಯ ಸೂಚನೆ ಇದ್ದಾಗ ಸಿಂಪರಣೆ ಮತ್ತು ಯೂರಿಯಾ ಮೇಲುಗೊಬ್ಬರವನ್ನು ಮುಂದೂಡುವುದು ಲೇಸು. ಔಷಧಿ, ಗೊಬ್ಬರ ತೊಳೆದುಹೋದರೆ ಹಣವೂ ಶ್ರಮವೂ ವ್ಯರ್ಥ. ಕೊಯ್ದ ಫಸಲನ್ನು ಮುಚ್ಚಿಡಬೇಕು.

3. "ಅಲ್ಲಲ್ಲಿ ಮಳೆ" ಎಂಬ ಸೂಚನೆಯನ್ನು ನಂಬಿ ಬಿತ್ತನೆಗೆ ಅವಸರ ಮಾಡಬಾರದು, ಒಣಗುತ್ತಿರುವ ಬೆಳೆಗೆ ನೀರು ಕೊಡುವುದನ್ನೂ ನಿಲ್ಲಿಸಬಾರದು. ಮಣ್ಣಿನ ಹಸಿಯನ್ನು ಅಗೆದು ನೋಡಿ ತೀರ್ಮಾನಿಸಬೇಕು.

4. ಉಪಗ್ರಹಕ್ಕೆ ಕಾಣದ್ದನ್ನು ನಿಮ್ಮ ಹೊಲದಲ್ಲಿ ನೀವೇ ಅಳೆಯಬಹುದು. ಬಾಯಿಯೂ ತಳವೂ ಒಂದೇ ಅಗಲವಿರುವ ಡಬ್ಬಿಯನ್ನು ಗಿಡಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ ಅಲುಗದಂತೆ ಇಡಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನಿಂತ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು, ಬರೆದಿಟ್ಟು, ಡಬ್ಬಿ ಬರಿದು ಮಾಡಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ 4,000 ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬಿದ್ದಂತೆ.

ಈ ದಾಖಲೆಯ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಬಹುದು. ಎರಡು ಮೂರು ಹಂಗಾಮು ಹೀಗೆ ಬರೆದಿಟ್ಟರೆ, ಮುನ್ಸೂಚನೆ ನಮ್ಮ ಹೊಲಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಪ್ರತಿಯೊಬ್ಬ ರೈತನಿಗೂ ತನ್ನ ಲೆಕ್ಕದಿಂದಲೇ ತಿಳಿಯುತ್ತದೆ. ಆಗ ಯಾವ ಸೂಚನೆಗೆ ಕೆಲಸ ನಿಲ್ಲಿಸಬೇಕು, ಯಾವುದಕ್ಕೆ ಕಾದು ನೋಡಬೇಕು ಎಂಬುದನ್ನು ನಿರ್ಧರಿಸುವುದು ಸುಲಭವಾಗುತ್ತದೆ.