ತುಮಕೂರಿನ ಚಳಿ ಎಲ್ಲಿಂದ ಬರುತ್ತದೆ?

ಡಿಸೆಂಬರ್ ಬಂತೆಂದರೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಪೆಟ್ಟಿಗೆಯೊಳಗಿನ ಸ್ವೆಟರ್, ರಜಾಯಿಗಳು ಹೊರಬರುತ್ತವೆ. ಆದರೆ ಎಲ್ಲ ಚಳಿಯೂ ಒಂದೇ ಅಲ್ಲವೆಂಬುದನ್ನು ನೀವು ಗಮನಿಸಿದ್ದೀರಾ? ಕೆಲವು ದಿನ ನಸುಕಿನಲ್ಲಿ ಹಲ್ಲು ಕಟಕಟ ಎನ್ನುತ್ತದೆ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಇನ್ನು ಕೆಲವು ದಿನ ರಾತ್ರಿ ಅಷ್ಟೇನೂ ಚಳಿಯಿಲ್ಲ, ಹಗಲಿಡೀ ಮೈ ನಡುಗುತ್ತದೆ. ಎರಡಕ್ಕೂ ಕಾರಣ ದೂರದಲ್ಲಿದೆ.

ಮೊದಲನೆಯದನ್ನು ಅನೇಕರು 'ಸೈಬೀರಿಯಾದ ಚಳಿ' ಎನ್ನುತ್ತಾರೆ. ಸೈಬೀರಿಯಾದ ಮೇಲೆ ಚಳಿಗಾಲದಲ್ಲಿ ಭಾರವಾದ ತಣ್ಣನೆಯ ಗಾಳಿ ಶೇಖರವಾಗುವುದು ನಿಜ. ಸಮುದ್ರ ಮಟ್ಟದಲ್ಲಿ ವಾಯುಒತ್ತಡ ಸರಾಸರಿ 1013 ಮಿಲಿಬಾರ್. ಅಲ್ಲಿನ ಅಗಾತಾದಲ್ಲಿ 1968ರ ಡಿಸೆಂಬರ್ 31ರಂದು ಅದು 1083 ದಾಟಿತ್ತು! ಆದರೆ ಆ ಗಾಳಿ ನೇರವಾಗಿ ನಮ್ಮತ್ತ ನುಗ್ಗದಂತೆ ಹಿಮಾಲಯ ತಡೆಯುತ್ತದೆ. ನಮ್ಮ ಚಳಿಯ ಮೂಲ ಇನ್ನೂ ಹತ್ತಿರದಲ್ಲಿದೆ. ಉತ್ತರ ಮತ್ತು ಮಧ್ಯ ಭಾರತದ ನೆಲ ತಣಿದಾಗ ಅಲ್ಲಿ ಒತ್ತಡ ಹೆಚ್ಚಿ, ಒಣಗಾಳಿ ದಕ್ಷಿಣಕ್ಕೆ ಹರಿಯುತ್ತದೆ. ಅದು ಇಲ್ಲಿಗೆ ಹಿಮ ಹೊತ್ತು ತರುವುದಿಲ್ಲ. ಮೋಡವನ್ನೂ ತೇವವನ್ನೂ ಇಲ್ಲವಾಗಿಸುತ್ತದೆ, ಅಷ್ಟೇ. ಮೋಡವೆಂದರೆ ನೆಲಕ್ಕೆ ಹೊದಿಕೆ. ಹೊದಿಕೆ ಸರಿದಾಗ ಹಗಲಿನ ಕಾವೆಲ್ಲ ರಾತ್ರಿ ಆಕಾಶಕ್ಕೆ ಹೋಗಿಬಿಡುತ್ತದೆ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಇದು ಇನ್ನೂ ಬೇಗ. ನೆರೆಯ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು.

ಇಂಥ ರಾತ್ರಿಗಳಲ್ಲೇ ಕಿಟಕಿ ಬಾಗಿಲು ಭದ್ರಪಡಿಸಿ, ಬಾಣಂತಿ, ಮಗುವಿನ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದುಂಟು. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಮಗುವಿಗೆ ಟೊಪ್ಪಿ, ಕಾಲುಚೀಲ, ತಾಯಿಯ ಮೈಬಿಸಿ ಸಾಕು.

ಎರಡನೆಯ ಚಳಿ ಬಂಗಾಳ ಕೊಲ್ಲಿಯದು. ಅಲ್ಲಿ ಒತ್ತಡ ಕುಸಿದು ವಾಯುಭಾರ ಕುಸಿತ ಉಂಟಾದರೆ ಮೋಡ ಇಲ್ಲಿಯವರೆಗೂ ಹಬ್ಬುತ್ತದೆ. ರಾತ್ರಿ ಬೆಚ್ಚಗಿರುತ್ತದೆ, ಹಗಲು ಬಿಸಿಲೇ ಇಲ್ಲ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ ದಕ್ಷಿಣ ಕರ್ನಾಟಕದಲ್ಲಿ ಇಂಥದೇ ಮೋಡ, ಮಳೆ ತಂದಿತ್ತು. ಆಗ ಪತ್ರಿಕೆಯಲ್ಲಿ ಕನಿಷ್ಠ ಉಷ್ಣಾಂಶ ಮಾತ್ರ ನೋಡಿದರೆ ಚಳಿಯೇ ಇಲ್ಲವೆನಿಸೀತು, ಗರಿಷ್ಠವನ್ನೂ ನೋಡಿ.

ಗುಬ್ಬಿ, ಕುಣಿಗಲ್‌ನ ರೈತ ಮನೆಗಳಿಗೆ ಈ ಎರಡನೆಯದೇ ಹೆಚ್ಚು ಕಷ್ಟ. ಅದು ರಾಗಿ ಕೊಯ್ಲಿನ ಸಮಯ. ಕೊಯ್ದು ಹೊಲದಲ್ಲಿ ಬಿಟ್ಟ ರಾಗಿ ನೆನೆದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲೂ ಕಪ್ಪಾಗುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಸುದ್ದಿ ರೇಡಿಯೋದಲ್ಲಿ ಬಂದರೆ ಕೊಯ್ಲು ನಾಲ್ಕು ದಿನ ಮುಂದಕ್ಕೆ ಹಾಕಿ. ಕೊಯ್ದಾಗಿದ್ದರೆ, ಒಣಗಿದ್ದನ್ನು ಅಂದೇ ಮೆದೆ ಹಾಕಿ ಟಾರ್ಪಾಲು ಹೊದಿಸಿ.